ಮೈ ಕೊಟ್ಟವನು

ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನ ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಬ್ಯಾನರ್ ಮಾಡುತ್ತೇನೆ, ಆದರೆ ನನ್ನ ಹೊಟ್ಟೆ ತುಂಬಿಸುವುದು ಸತ್ತವರೇ. ಈ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಮೊದಲೇ ಸರ್ಕಲ್ಲಿನಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎದ್ದಿರಬೇಕು. ಮನೆಯವರು ತರುವುದು ರೇಷನ್ ಕಾರ್ಡಿನ ಫೋಟೊ, ಇಲ್ಲವೇ ಮದುವೆಯ ಗುಂಪಿನಲ್ಲಿ ಉಗುರಿನಷ್ಟು ಕಾಣುವ ಮುಖ. ಆ ಮುಖ ಕತ್ತರಿಸಿ, ಬಿಳಿ ಅಂಗಿ ತೊಟ್ಟು ಹೆಗಲಿಗೆ ಶಲ್ಯ ಹಾಕಿ ಕುರ್ಚಿಯಲ್ಲಿ ಕೂತ ಒಂದು ಮೈಗೆ ಅಂಟಿಸಿ, ಹಣೆಗೆ ಅವರವರ ಪ್ರಕಾರ ವಿಭೂತಿಯೋ ನಾಮವೋ ಎಳೆದರೆ ಯಜಮಾನರು ಸಿದ್ಧ. ಬದುಕಿದ್ದಾಗ ಇಸ್ತ್ರಿ ಅಂಗಿ ಕಾಣದವರೂ ನನ್ನ ಅಂಗಡಿಯಿಂದ ಊರ ಗೌಡರ ಹಾಗೆ ಹೊರಡುತ್ತಿದ್ದರು.

ಆ ಮೈ ನಂಜೇಶನದು.

ನಂಜೇಶ ಹೆಡತಲೆ ಅನ್ನುವ ಹಳ್ಳಿಯವನು, ನನ್ನ ಗೆಳೆಯ, ಅಂಗಡಿಯಲ್ಲಿ ಪಾಲುದಾರ. ಒಂಬತ್ತು ವರ್ಷದ ಹಿಂದೆ ಅಂಗಡಿ ತೆರೆದಾಗ ಹೀಗೆ ಅಂಟಿಸಲು ಒಂದು ಒಳ್ಳೆಯ ಮೈ ಬೇಕಾಯಿತು. ಮೈಕಟ್ಟು ಚೆನ್ನಾಗಿದ್ದದ್ದು ನನ್ನದು. ಅಂಗಿ, ಶಲ್ಯ ನನ್ನ ಅಪ್ಪನವು. ಕುರ್ಚಿಯಲ್ಲಿ ಕೂರಬೇಕಾದವನು ನಾನೇ. ಅವನು ಕ್ಯಾಮೆರಾ ಎತ್ತಿದಾಗ, 'ನನ್ ಹೆಂಡ್ತಿ ಬಸುರಿ ಕಣೋ, ಸತ್ತೋರ ಕೆಲ್ಸಕ್ಕೆ ನಾನು ಮೈ ಕೊಡಬಾರ್ದು' ಅಂದೆ. ಬಸುರಿಯ ಗಂಡ ಹೆಣಕ್ಕೆ ಹೆಗಲು ಕೊಡುವುದಿಲ್ಲ, ಅದು ನಮ್ಮ ರೂಢಿ. ಫೋಟೊಗೆ ಕೂರಬಾರದು ಅಂತ ಯಾವ ಹಿರಿಯರೂ ಹೇಳಿರಲಿಲ್ಲ. ನನಗೆ ಭಯವಾಗಿತ್ತು, ರೂಢಿಯನ್ನು ಎಳೆದು ಹೊದ್ದುಕೊಂಡೆ, ಅಷ್ಟೇ.

ನಂಜೇಶ ನಕ್ಕು, ಕ್ಯಾಮೆರಾ ನನ್ನ ಕೈಗಿಟ್ಟು, ದೊಗಲೆ ಅಂಗಿ ತೊಟ್ಟು ತಾನೇ ಕೂತ. 'ದೇವಸ್ಥಾನದಲ್ಲಿ ಅರವತ್ಮೂರು ಪುರಾತನರು ಸಾಲಾಗಿ ನಿಂತವ್ರಲ್ಲ, ಅಷ್ಟು ತಲೆ ನಾನು ಒರ್ತೀನಿ ಕಣ್ಲಾ. ಆಮ್ಯಾಕೆ ನೀನು ಕೂತ್ಕೊ' ಅಂದ. ನಾನು ಗುಂಡಿ ಒತ್ತಿದೆ.

ಎರಡು ವರ್ಷದ ಹಿಂದೆ ತಿ. ನರಸೀಪುರದ ರಸ್ತೆಯಲ್ಲಿ ಬೈಕಿಗೆ ಟಿಪ್ಪರ್ ತಾಗಿ ಅವನು ಹೋದ. ಮೂವತ್ತಾರು ವಯಸ್ಸು, ಮದುವೆ ಆಗಿರಲಿಲ್ಲ. ಊರಿಗೆಲ್ಲ ಬ್ಯಾನರ್ ಮಾಡಿದ ನಾನು ಅವನದನ್ನು ಮಾಡಲಿಲ್ಲ. ಕೈ ಬರಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಮೈಸೂರಿನ ಯಾವುದೋ ಅಂಗಡಿಯವರು ಮಾಡಿದರು. ಅಂದಿನಿಂದ ಆ ಮೈಯನ್ನು ನಾನು ಮುಟ್ಟಿಲ್ಲ. ಬರೀ ಮುಖವನ್ನು ಗುಂಡು ಫ್ರೇಮಿನಲ್ಲಿ ಹಾಕಿ ಕಳಿಸುತ್ತಿದ್ದೆ, ಗಿರಾಕಿಗಳು ಗೊಣಗುತ್ತಿದ್ದರು.

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ ನಂಜೇಶನ ತಾಯಿ ಪುಟ್ಟಬಸಮ್ಮ ಅಂಗಡಿಗೆ ಬಂದರು. ಕಂಕುಳಲ್ಲಿ ಟವಲು ಸುತ್ತಿದ ಮಗನ ಲ್ಯಾಪ್‌ಟಾಪ್, ಕೈಯಲ್ಲಿ ಗೋಡೆಯಿಂದ ಇಳಿಸಿದ ಅವನ ಫೋಟೊ, ಆ ಮೈಸೂರಿನ ಅಂಗಡಿಯವರು ಮಾಡಿಕೊಟ್ಟದ್ದು. ಫೋಟೊದಲ್ಲಿ ನಂಜೇಶ ಕೋಟು, ಟೈ ಹಾಕಿದ್ದ. ಕತ್ತು ಅವನ ಕತ್ತಿನ ಎರಡರಷ್ಟಿತ್ತು. ಬೆಳ್ಳಗಿನ ದಪ್ಪ ಬೆರಳು, ಒಂದು ಬೆರಳಿಗೆ ಕಲ್ಲಿನ ಉಂಗುರ.

'ಮೊಕ ನನ್ ಮಗುಂದೆ ಕನಪ್ಪ. ಮೈ ಯಾರ್ದೋ' ಅಂದರು. 'ಎಲ್ಡು ವರ್ಸದಿಂದ ಯಾವನ ಮೈಗೋ ಊವ ಮಡಗ್ತಾ ಇವ್ನಿ. ಕಣ್ಮುಚ್ಚುದ್ರೆ ಆ ಉಂಗ್ರದ ಕೈನೇ ಬತ್ತದೆ. ನನ್ ಮಗನ ಕೈ ಎಂಗಿತ್ತು ಅಂತ ಮರ್ತೋಯ್ತಾ ಅದೆ ಸೋಮ.'

'ಬೇರೆ ಫೋಟೊ ಇಲ್ವಾ ಅವ್ವ?'

'ಊರೋರ್ದೆಲ್ಲ ಅವ ತಗೀತಿದ್ದ, ಅವಂದ ಯಾರು ತಗ್ದೋರು? ಫೋನ್ನಲ್ಲಿದ್ದದ್ದು ಫೋನ್ ಜೊತೇಲೇ ಓಯ್ತು. ನಿಮ್ಮಪ್ಪನ ಸರ್ಟ್ ಆಕ್ಕಂಡು ಒಂದಿನ ಕುಂತಿದ್ನಂತಲ್ಲ, ಅದು ಇದ್ರೊಳಗೆ ಅದೆ ಅಂತಿದ್ದ. ತಗ್ದುಕೊಡಪ್ಪ. ಸೋಮಾರಕ್ಕೆ ಎಲ್ಡು ವರ್ಸ ತುಂಬ್ತದೆ.'

ಅಂಗಡಿಯ ಕಂಪ್ಯೂಟರಿನಲ್ಲಿ ಆ ಫೋಟೊದ ಒಂದು ಪ್ರತಿ ಇತ್ತು. ಅದರಲ್ಲಿ ಅವನ ತಲೆ ಇರಲಿಲ್ಲ, ನಾನೇ ಉಜ್ಜಿ ತೆಗೆದಿದ್ದೆ. ನಂಜೇಶ ಏನನ್ನೂ ಅಳಿಸುವವನಲ್ಲ. ಪ್ರತಿ ಸತ್ತವರ ಮುಖಕ್ಕೂ ಒಂದು ಲೇಯರ್, ಅಂದರೆ ಗಾಜಿನ ಹಾಳೆ ಇಟ್ಟ ಹಾಗೆ ಒಂದರ ಮೇಲೊಂದು. ಪಕ್ಕದಲ್ಲಿ ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ಆ ಮುಖ ಮರೆಯಾಗುತ್ತದೆ. 'ಸತ್ತೋರ್ನ ಇನ್ನೊಂದ್ಸಲ ಯಾಕ್ಲಾ ಸಾಯಿಸ್ತೀಯ, ಕಣ್ಣು ಮುಚ್ಚು ಸಾಕು' ಅನ್ನುತ್ತಿದ್ದ. ನಾನು ತಾಳ್ಮೆಗೆಟ್ಟವನು, ಸಿಕ್ಕಿದ್ದನ್ನು ಉಜ್ಜಿಹಾಕುವವನು. ಅವನ ಲ್ಯಾಪ್‌ಟಾಪಿನಲ್ಲೂ ನಾಲ್ಕಾರು ಸಲ ಕೆಲಸ ಮಾಡಿದ್ದೆ. ಅಲ್ಲೂ ಅವನ ತಲೆ ಉಜ್ಜಿದ್ದೆನೋ ಏನೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆಗಲಿ ಅವ್ವ, ಸೋಮವಾರ ತರುತ್ತೇನೆ ಅಂತ ಮಾತ್ರ ಹೇಳಿ ಕಳಿಸಿದೆ.

ಆ ಲ್ಯಾಪ್‌ಟಾಪನ್ನು ಎರಡು ವರ್ಷ ದೇವರ ಗೂಡಿನಲ್ಲಿ ಇಟ್ಟು ದಿನಾ ವಿಭೂತಿ ಹಚ್ಚಿದ್ದರು. ಆನ್ ಮಾಡಿದ್ದೇ ತಡ, ಒಳಗಿನ ಫ್ಯಾನು ತಿರುಗಿ ಪಕ್ಕದ ಕಿಂಡಿಯಿಂದ ಬೂದಿ ಹಾರಿತು. ಅಂಗಡಿಯಲ್ಲೆಲ್ಲ ವಿಭೂತಿ ವಾಸನೆ. ಯಾವ ಲ್ಯಾಪ್‌ಟಾಪ್ ಬಂದರೂ ಮಾಡುವ ಹಾಗೆ ನೆಟ್ ಹಾಕಿ ಅಪ್‌ಡೇಟ್ ಒತ್ತಿದೆ. ಒಂದು ಗಂಟೆ ತಿಂದಿತು. ಆಮೇಲೆ 'ಯಜಮಾನರು' ಅಂತ ಹೆಸರಿದ್ದ ಅವನ ಫೈಲು ತೆರೆದೆ.

ಪರದೆ ಕಪ್ಪಾಯಿತು. ಮತ್ತೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕುರ್ಚಿ ಕಂಡಿತು. ಕುರ್ಚಿಯಲ್ಲಿ ಬಿಳಿ ಅಂಗಿ, ಅಂಗಿಯ ಮೇಲೆ ಹಿಂದೆಂದೋ ನಾವು ಬ್ಯಾನರ್ ಮಾಡಿದ ಹುಚ್ಚಯ್ಯನವರ ಮೀಸೆ, ಮೀಸೆಯ ಕೆಳಗೆ ಜವರಯ್ಯನವರ ಬೊಚ್ಚು ಬಾಯಿ, ಎರಡರ ಹಿಂದೆ ಯಾರದೋ ಕಣ್ಣು. ಮುಚ್ಚಿದ್ದವರೆಲ್ಲ ಒಟ್ಟಿಗೆ ಕಣ್ಣು ಬಿಟ್ಟಿದ್ದರು. ಮತ್ತೆ ಕಪ್ಪು.

ಮಟಮಟ ಮಧ್ಯಾಹ್ನ, ಹೊರಗೆ ಬಸ್ಸಿನ ಹಾರನ್ನು, ಎದುರಿಗೆ ಬೋಂಡದ ಗಾಡಿ. ಆದರೂ ಎದ್ದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಬಾಯಿಗೆ ಬಂದಂತೆ ಬಯ್ದುಕೊಂಡು ಐದು ಸಲ ತೆರೆದೆ. ಐದು ಸಲವೂ ಬೇರೆ ಬೇರೆ ಮುಖ. ಐದನೆಯ ಸಲ ಕಂಡದ್ದು ನಂಜೇಶನ ತುಟಿ. ಏನೋ ಹೇಳುತ್ತಿರುವಾಗ ನಿಲ್ಲಿಸಿದ ಹಾಗೆ ತೆರೆದಿತ್ತು. ನಾನು ಅಂಗಡಿ ಬಿಟ್ಟು ಹೊರಗೆ ಬಂದು ಬೋಂಡದವನ ಪಕ್ಕ ನಿಂತೆ. ಒಳಗೆ ಹೋಗಲು ಅರ್ಧ ಗಂಟೆ ಬೇಕಾಯಿತು. ಫೈಲನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಷ್ಟು ಭಾರ ಎಳೆಯಲಾರದೆ ಅದು ಸುತ್ತಿ ಸುತ್ತಿ ನಿಂತೇಹೋಯಿತು.

ಮಾರನೆಯ ದಿನ ತಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ಹರಿಪ್ರಸಾದ್ ಮೇಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾಗಿ, ಈಗ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ. ಲ್ಯಾಪ್‌ಟಾಪಿನ ತಳ ಬಿಚ್ಚಿ, ಬ್ರಷ್‌ನಿಂದ ಬೂದಿ ಗುಡಿಸಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಒಂದು ಕಡೆ ಇಟ್ಟರು. ಅದನ್ನು ಬುಟ್ಟಿಗೆ ಎಸೆಯಲು ಅವರಿಗೂ ಮನಸ್ಸು ಬರಲಿಲ್ಲ.

'ಇದರಲ್ಲಿ ಚಿತ್ರ ತೋರಿಸೋ ಚಿಪ್ಪು ಎರಡಿವೆ ಸೋಮಶೇಖರ್. ಸಣ್ಣಪುಟ್ಟ ಕೆಲಸಕ್ಕೆ ಒಂದು, ಭಾರದ ಕೆಲಸಕ್ಕೆ ಇನ್ನೊಂದು. ಪರದೆ ಮಾತ್ರ ಒಂದೇ. ಯಾವಾಗ ಯಾರು ಹೆಗಲು ಕೊಡಬೇಕು ಅಂತ ನೋಡಿಕೊಳ್ಳೋದು ಡ್ರೈವರ್ ಅನ್ನೋ ಸಾಫ್ಟ್‌ವೇರು. ನೀವು ಅಪ್‌ಡೇಟ್ ಒತ್ತಿದ್ರಿ. ಒಂದಕ್ಕೆ ಹೊಸ ಡ್ರೈವರ್ ಬಂತು, ಇನ್ನೊಂದು ಹಳೇದರಲ್ಲೇ ಉಳೀತು. ಭಾರ ಬಂದಾಗ ಇದು ದಾಟಿಸುತ್ತೆ, ಅದು ಹಿಡ್ಕೊಳ್ಳಲ್ಲ. ನಡುವೆ ಬಿದ್ದದ್ದು ನಿಮಗೆ ಕಂಡಿದೆ.'

ಹೆಗಲು ಕೊಡುವ ಮಾತು ನನಗೆ ಎಲ್ಲಿ ತಾಗಿತೆಂದು ಅವರಿಗೆ ಗೊತ್ತಾಗುವ ಹಾಗಿರಲಿಲ್ಲ.

'ಹಾಗಾದ್ರೆ ದೆವ್ವ ಅಲ್ಲ ಅಂತೀರಿ.'

'ನಾನು ಡ್ರೈವರ್ ವಿಷಯ ಮಾತ್ರ ಹೇಳಬಲ್ಲೆ' ಅಂದರು.

ಚಿಪ್ಪು ಮಾಡಿದ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಇಳಿಸಿದರು. ಈ ಯಂತ್ರಕ್ಕೆ ಹೊಂದುವುದಿಲ್ಲ ಅಂತ ಅದು ಬಾಗಿಲಲ್ಲೇ ನಿಂತಿತು. ಎರಡು ಚಿಪ್ಪನ್ನೂ ಜೊತೆಗೂಡಿಸಿದ್ದು ಲ್ಯಾಪ್‌ಟಾಪ್ ಮಾಡಿದ ಕಂಪನಿ, ಡ್ರೈವರೂ ಅವರದೇ ಆಗಬೇಕಂತೆ. ಆ ಸೈಟು ಮಾಡೆಲ್ ನಂಬರ್ ಕೇಳಿತು. ತಳದ ಚೀಟಿ ನೋಡಿದರೆ ಬೆಳ್ಳಗೆ ತೊಳೆದ ಹಾಗಿತ್ತು. ವರ್ಷವರ್ಷ ಆಯುಧಪೂಜೆಗೆ ನಂಜೇಶ ವಿಭೂತಿ ಹಚ್ಚಿದ್ದು, ಅವನು ಹೋದಮೇಲೆ ತಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹಚ್ಚಿದ್ದು, ಭಕ್ತಿಗೆ ಒಂದಕ್ಷರವೂ ಉಳಿದಿರಲಿಲ್ಲ. ಆನ್ ಆಗುವಾಗ ಬರುವ ನೀಲಿ ಪರದೆಯಲ್ಲಿ ಮೇಷ್ಟ್ರು ನಂಬರ್ ಹುಡುಕಿದರು. ಅಷ್ಟು ಹಳೆಯ ಮಾಡೆಲನ್ನು ಸೈಟಿನಿಂದ ತೆಗೆದುಹಾಕಿದ್ದರು. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ ಕೊಡುತ್ತೇವೆ ಅನ್ನುವ ಬೇರೆ ಸೈಟುಗಳು ಹತ್ತಾರು ಬಂದವು. ನಾನು ಒತ್ತಲು ಹೋದರೆ ಮೇಷ್ಟ್ರು ಕೈ ಹಿಡಿದರು. ವೈರಸ್ ಬಂದರೆ ಫೈಲೂ ಹೋಗುತ್ತದೆ ಅಂದರು.

'ಇದನ್ನ ಬಳಸ್ತಿದ್ದವರು ಎಂಥವರು? ಎಸೆಯೋರಾ, ಇಟ್ಕೊಳ್ಳೋರಾ?'

'ಹಳೇ ಬಸ್ ಟಿಕೆಟ್ಟೂ ಎಸೀತಿರ್ಲಿಲ್ಲ ಸಾ.'

'ಹಾಗಾದರೆ ಇದರಲ್ಲೇ ಎಲ್ಲೋ ಇಟ್ಟಿರ್ತಾರೆ.'

ಡಿ ಡ್ರೈವಿನಲ್ಲಿ ಸಿಕ್ಕಿತು. ಫೋಲ್ಡರಿನ ಹೆಸರು 'ಸೋಮ ಅಳಿಸಬೇಡ'. ಒಳಗೆ ಒಂದು, ಎರಡು ಅಂತ ನಂಬರ್ ಹಾಕಿದ ಎರಡು ಡ್ರೈವರ್, ಟೈಪ್ ಮಾಡಿಟ್ಟ ಒಂದು ಚೀಟಿ. 'ನೆಟ್ ತೆಗೆದು ಮಾಡು. ಮೊದಲು ಒಂದು, ರೀಸ್ಟಾರ್ಟ್, ಆಮೇಲೆ ಎರಡು. ಅವಸರ ಮಾಡ್ಬೇಡ ಕಣ್ಲಾ.' ಅವನು ಸಾಯುವುದಕ್ಕೆ ಒಂದು ತಿಂಗಳು ಮುಂಚಿನ ತಾರೀಖು. ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಆಮೇಲೆ ಅಳು ಬಂತು. ಮೇಷ್ಟ್ರು ಕನ್ನಡಕ ಒರೆಸುತ್ತ ಕೂತರು.

ಚೀಟಿಯಲ್ಲಿದ್ದ ಹಾಗೇ ಮಾಡಿದೆವು. ಫೈಲು ತೆರೆಯಿತು. ಪರದೆ ಕಪ್ಪಾಗಲಿಲ್ಲ, ಮಿನುಗಲಿಲ್ಲ. ಕುರ್ಚಿಯ ಮೇಲೆ ಕೊನೆಯವರಾಗಿ ಬಂದಿದ್ದ ಮೂಗೂರಿನ ಯಜಮಾನರೊಬ್ಬರು ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಲೇಯರುಗಳ ಪಟ್ಟಿ. ಎಣಿಸಿದೆ. ನಂಬದೆ ಇನ್ನೊಂದು ಸಲ ಎಣಿಸಿದೆ. ಅರವತ್ಮೂರು ಮುಖ ಇದ್ದವು. ಅಷ್ಟನ್ನು ಹೊತ್ತಾದ ಮೇಲೆ ಅವನು ಹೋಗಿದ್ದ. ನಾವಿಬ್ಬರೂ ಯಾವತ್ತೂ ಲೆಕ್ಕ ಇಟ್ಟವರಲ್ಲ. ಹಾಗೆಂದು ನನ್ನ ಮನಸ್ಸಿಗೆ ಹೇಳಿ ನೋಡಿದೆ, ಅದು ಕೇಳಲಿಲ್ಲ.

ಎಲ್ಲಕ್ಕಿಂತ ಕೆಳಗೆ 'ನಂಜ' ಅಂತ ಒಂದು ಲೇಯರ್. ಮೇಲಿದ್ದ ಮುಖಗಳನ್ನೆಲ್ಲ ಮರೆಮಾಡಿದೆ. ಮೈ ಉಳಿಯಿತು. ಅಪ್ಪನ ಅಂಗಿ, ಶಲ್ಯ, ಮೊಣಕಾಲ ಮೇಲೆ ಎರಡು ಕೈ. ಕತ್ತಿನ ಮೇಲೆ ಏನೂ ಇರಲಿಲ್ಲ. ಅಂಗಡಿಯಲ್ಲಿ ಕಂಡ ಆ ತುಟಿ ನನ್ನ ಭ್ರಮೆಯೇ ಇರಬೇಕು ಅನ್ನಿಸಿತು.

'ಉಜ್ಜಿಬಿಟ್ಟಿದೀನಿ ಸಾ' ಅಂದೆ. ಆ ತಾಯಿಗೆ ಏನಂತ ಹೇಳಲಿ ಅನ್ನುವುದು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಮೇಷ್ಟ್ರು ಮೌಸ್ ತೆಗೆದುಕೊಂಡು ನೋಡಿದರು. 'ಇಲ್ಲ, ಅಳಿಸಿದ್ದಲ್ಲ. ಮುಚ್ಚಿಟ್ಟಿದ್ದಾರೆ' ಅಂದು ಎಲ್ಲೋ ಒತ್ತಿದರು. ತಲೆ ಬಂತು. ನಂಜೇಶ ನನ್ನ ಕಡೆ ನೋಡಿ ನಗುತ್ತಿದ್ದ, ಬಾಯಿ ಅರ್ಧ ತೆರೆದಿತ್ತು. ಅವನು ಏನು ಹೇಳುತ್ತಿದ್ದಾಗ ನಾನು ಗುಂಡಿ ಒತ್ತಿದ್ದೆ ಅಂತ ನೆನಪಾಯಿತು. ಆಮ್ಯಾಕೆ ನೀನು ಕೂತ್ಕೊ.

ಸೋಮವಾರ ಬೆಳಿಗ್ಗೆ ಫ್ರೇಮು ಹಾಕಿಸಿ ಹೆಡತಲೆಗೆ ಒಯ್ದೆ. ಪುಟ್ಟಬಸಮ್ಮ ಮುಖ ನೋಡಲಿಲ್ಲ, ಮೊದಲು ಕೈ ನೋಡಿದರು. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಬೆರಳು ಸವರಿದರು. 'ಇವ್ಯಾ ಕನಪ್ಪ. ಈ ಕಿರುಬೆಳ್ಳು ಸೊಟ್ಟ, ಚಿಕ್ಕೋನಾಗಿದ್ದಾಗ ಬಾಗ್ಲಿಗೆ ಸಿಗಾಕ್ಕಂಡಿತ್ತು' ಅಂದರು. ಹೂವಿಟ್ಟು, ಕೈಮುಗಿದು ಕೂತರು.

ನನಗೆ ತಡೆಯಲಾಗಲಿಲ್ಲ. 'ಅವತ್ತು ಕೂರ್ಬೇಕಾಗಿದ್ದೋನು ನಾನು ಅವ್ವ. ಹೆದರ್ಕೊಂಡು ಅವನ್ನ ಕೂರಿಸ್ದೆ' ಅಂದೆ.

'ಗೊತ್ತು ಕನ ಮಗ. ಅವತ್ತೇ ಬಂದು ಏಳ್ದ. ಸೋಮನ ಎಡ್ತಿ ಬಸ್ರಿ ಕನವ್ವ, ಅದ್ಕೆ ನಾನೇ ಕುಂತ್ಕಂಡೆ ಅಂತ. ಚೆನ್ನಾಗಿ ಬಯ್ದು ದಿಷ್ಟಿ ತಗ್ದಿದ್ದೆ.' ಫೋಟೊದ ಹೂವು ಸರಿಮಾಡುತ್ತ ಕೇಳಿದರು. 'ಆ ಕೂಸು ಎಂಗದೆ? ಇಸ್ಕೂಲ್ಗೆ ಓಯ್ತದ?'

'ಅರ್ಪಿತ. ಮೂರನೇ ಕ್ಲಾಸು.'

'ಒಂದ್ ದಪ ಕರ್ಕಂಬಾ. ನನ್ ಮಗ ಯಾರ್ಗೋಸ್ಕರ ಕುಂತಿದ್ನೋ ಆ ಕೂಸ ನಾನೂ ವಸಿ ನೋಡ್ಬೇಕು.'

ಒಂದು ಬಯ್ಗುಳ ಬಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ನಂಜನಗೂಡಿನವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

ಮರುದಿನ ಬೆಟ್ಟಸ್ವಾಮಿ ಅನ್ನುವವನು ಅಪ್ಪನ ವೋಟರ್ ಕಾರ್ಡು ಹಿಡಿದು ಬಂದ. ಬೆಳಗಿನ ಜಾವ ಅಪ್ಪ ತೀರಿಕೊಂಡಿದ್ದರು. 'ಬರೀ ತಲೆ ಆಕ್ಬ್ಯಾಡಿ ಸಾ. ನಮ್ಮಪ್ಪ ಕುರ್ಚಿ ಮ್ಯಾಲೆ ಕುಂತಂಗಿರ್ಬೇಕು' ಅಂದ.

ಅಟ್ಟದಿಂದ ಆ ಕುರ್ಚಿ ಇಳಿಸಿ ಒರೆಸಿದೆ. ಅಪ್ಪನ ಬಿಳಿ ಅಂಗಿ ತೊಟ್ಟು ಶಲ್ಯ ಹಾಕಿಕೊಂಡೆ. ಕ್ಯಾಮೆರಾವನ್ನು ಬೆಟ್ಟಸ್ವಾಮಿಯ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕು ತೋರಿಸಿ, ಮೊಣಕಾಲ ಮೇಲೆ ಕೈಯಿಟ್ಟು ಕೂತೆ. ಅವನು ಎರಡು ಸಲ ತೆಗೆಯಬೇಕಾಯಿತು.

ಆ ಲೇಯರಿಗೆ 'ಸೋಮ' ಅಂತ ಹೆಸರಿಟ್ಟೆ. ನನ್ನ ತಲೆಯನ್ನು ಉಜ್ಜಲಿಲ್ಲ, ಮುಚ್ಚಿದೆ. ಅದರ ಮೇಲೆ ಬೆಟ್ಟಸ್ವಾಮಿಯ ಅಪ್ಪನ ಮುಖ ಇಟ್ಟು, ಪಕ್ಕದಲ್ಲಿ 'ಒಂದು' ಅಂತ ಬರೆದೆ.