ಸಾಹುಕಾರರ ಬೆಳ್ಳಿ ಬಣ್ಣ

“ಹೊಸ ಬ್ಯಾಟ್ರಿ ಮಾರ್ಕಂಡು ಹಳೇದು ಹಾಕೀಯೇನಲೇ, ಕಳ್ಳ ನನ್ಮಗನ?”

ಕೊಟ್ಟೂರಿನ ಟ್ಯಾಕ್ಸಿ ಸಾಲಿನಲ್ಲಿ ಮರುಳಪ್ಪ ಸಾಹುಕಾರರು ಕೂಗಿದ್ದು ಚಹಾದಂಗಡಿಯ ಒಳಗೂ ಕೇಳಿಸಿತು. ಮಿರ್ಚಿ ಕರಿಯುತ್ತಿದ್ದ ಗಿಡ್ಡಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಹುಲುಗಪ್ಪನ ಕಿವಿ ಕಾದವು. ಸಾಹುಕಾರರ ಟ್ಯಾಕ್ಸಿಗೆ ಮೊದಲಿನಿಂದಲೂ ಅವನೇ ಡ್ರೈವರ್. ಯಾರೋ ಮರೆತ ಕೈಚೀಲವನ್ನು ಹಿರೇಹಡಗಲಿವರೆಗೆ ಹೋಗಿ ಕೊಟ್ಟು ಬಂದವನು. ಈ ಮಾತು ಅಂಟಿಕೊಂಡರೆ ಇನ್ನು ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ.

“ಯಾರಿಗೆ ಕಳ್ಳ ಅಂತೀರಿ ಸಾವ್ಕಾರ್ರ? ನೀವು ತಂದ ಬ್ಯಾಟ್ರಿನ ಐತಿ, ನೋಡ್ರಿ!”

“ದಸರಿಗೆ ಮುಂಚೆ ಮುಟ್ಟಿದ್ರ ಸ್ಟಾರ್ಟ್ ಆಗ್ತಿತ್ತು. ಈಗ ದಿನಾ ನೂಕಿಸ್ತಿ. ಬೆನಕಪ್ಪ ಎಲ್ಲಾ ಚೆಕ್ ಮಾಡ್ಯಾನ!”

ಪಕ್ಕದಲ್ಲೇ ನಿಂತಿದ್ದ ಬೆನಕಪ್ಪ ಸಾಹುಕಾರರ ಭಾವಮೈದುನ, ಗಾಡಿಗಳ ಎಲೆಕ್ಟ್ರಿಷಿಯನ್. ಕರೆಂಟು ಹುಟ್ಟಿಸುವ ಡೈನಮೋವನ್ನು ಅಂಗಡಿಗೆ ಒಯ್ದು ತಿರುಗಿಸಿ ನೋಡಿದ್ದ, ಸರಿ ಇತ್ತು. ಆ ಕರೆಂಟನ್ನು ಅಳೆದು ಬ್ಯಾಟರಿಗೆ ಬಿಡುವ ಕಟೌಟ್ ಡಬ್ಬಿ ನೋಡಿದ್ದ, ಅದೂ ಸರಿ. ಎರಡೂ ಸರಿ ಅಂದಮೇಲೆ ಕೆಟ್ಟಿದ್ದು ಬ್ಯಾಟರಿ. ಹೊಸ ಬ್ಯಾಟರಿ ಇಷ್ಟು ಬೇಗ ಕೆಡುತ್ತದೆಯೇ? ಡ್ರೈವರೇ ಬದಲಿಸಿದ್ದಾನೆ!

“ಬ್ಯಾರೆ ಬ್ಯಾರೆ ಇಟ್ಟು ನೋಡಿದ್ರ ಎಲ್ಲಾ ಸರಿನ ಕಾಣ್ತಾವು,” ಹುಲುಗಪ್ಪ ಹಲ್ಲು ಕಚ್ಚಿ ಹೇಳಿದ. “ಗಾಡ್ಯಾಗ ಕೂಡಿಸಿ ನೋಡೀಯೇನೋ? ಒಂದರ ಮಾತು ಇನ್ನೊಂದಕ್ಕ ಮುಟ್ಟವಲ್ದು.”

“ಮಾತಾಡಾಕ ಡೈನಮೋ ಏನು ನಿಮ್ಮತ್ತಿಯೇನಲೇ?” ಎಂದ ಬೆನಕಪ್ಪ. ಸಾಲಿನ ಡ್ರೈವರುಗಳೆಲ್ಲ ನಕ್ಕರು. ಹುಲುಗಪ್ಪನಿಗೆ ಮೈಯೆಲ್ಲ ಉರಿಯಿತು.

ಹಿಂದಿನ ಸೀಟಿನಲ್ಲಿ ಸಾಹುಕಾರರ ತಾಯಿ ದಾಕ್ಷಾಯಣಮ್ಮ ತೊಟ್ಟಿಲ ಕಾರ್ಯಕ್ಕೆಂದು ಬಾಗಳಿಗೆ ಹೊರಟು ಕುಳಿತಿದ್ದರು. “ಜಗಳ ಆಮ್ಯಾಲೆ ಮಾಡ್ರೋ. ಅಲ್ಲಿ ಕೂಸು ತೊಟ್ಲು ಹತ್ತಿ ಇಳದು ನಡಿಯಾಕ ಹತ್ತೈತಿ!”

“ಆಚೆ ಸರಿಯಲೇ, ನಾನ ನೋಡ್ತೀನಿ,” ಎಂದು ಸಾಹುಕಾರರೇ ಸ್ಟೇರಿಂಗ್ ಮುಂದೆ ತೂರಿಕೊಂಡರು. ಸ್ಟಾರ್ಟರ್ ಎಳೆದರು. ಇಂಜಿನ್ನು ನರಳಿತು. ಬಿಡದೆ ಎಳೆದರು, ಮತ್ತೆ ನರಳಿತು. ಚೋಕ್ ಎಳೆಯಲು ಕೈ ಹಾಕಿದಾಗ ಗುಂಡಿಯ ಹಿಂದಿನ ತಂತಿ ಬೆರಳಿಗೆ ತಾಗಿತು.

“ಅಯ್ಯಯ್ಯಪ್ಪೋ!”

ಬೆರಳು ಬಾಯಿಗೆ ಹೋಯಿತು. ಹುಲುಗಪ್ಪ ಬಾನೆಟ್ ಎತ್ತಿದ. ಚೋಕ್ ತಂತಿಯಿಂದ ಹೊಗೆ ಏಳುತ್ತಿತ್ತು. ಅದು ಬರೀ ಎಳೆಯುವ ತಂತಿ, ಅದರಲ್ಲಿ ಕರೆಂಟಿಗೇನು ಕೆಲಸ? ಇಂಜಿನ್ನಿಗೆ ಬಂದ ಕರೆಂಟು ಗಾಡಿಯ ಬಾಡಿಯತ್ತ ವಾಪಸಾಗಲು ನಡುವೆ ಒಂದು ದಪ್ಪ ಅರ್ಥ್ ಪಟ್ಟಿ ಇರುತ್ತದೆ. ಆ ಹೆದ್ದಾರಿ ಮುಚ್ಚಿದ್ದಕ್ಕೇ ಕರೆಂಟು ಈ ಕಾಲುದಾರಿ ಹಿಡಿದಿದೆ. ಡೈನಮೋ ಇರುವುದು ಇಂಜಿನ್ ಮೇಲೆ, ಕಟೌಟ್ ಡಬ್ಬಿ ಬಾಡಿಯ ಮೇಲೆ. ಬೆನಕಪ್ಪ ಎರಡನ್ನೂ ನೋಡಿದ್ದ, ನಡುವಿನದನ್ನು ಬಿಟ್ಟು.

ಹುಲುಗಪ್ಪ ಪಾನಾ ಹಾಕಿ ಪಟ್ಟಿಯ ಬೋಲ್ಟ್ ಬಿಚ್ಚಿದ. ಕೆಳಗೆ ದಪ್ಪಗೆ ಬೆಳ್ಳಿ ಬಣ್ಣ! ಆಯುಧಪೂಜೆಗೆ ಬಾನೆಟ್ಟಿನ ಒಳಗೂ ಹೊಳೆಯಲೆಂದು ಸಾಹುಕಾರರೇ ಬಳಿಸಿದ್ದರು. ಪೇಂಟಿನವನು ಬೋಲ್ಟ್ ಬಿಚ್ಚಿ, ಬಳಿದು, ಬಣ್ಣದ ಮೇಲೆಯೇ ಬಿಗಿದಿದ್ದ. ಬಣ್ಣ ಕರೆಂಟನ್ನು ದಾಟಲು ಬಿಡುತ್ತದೆಯೇ?

ಹುಲುಗಪ್ಪ ಪಾನಾದಿಂದ ಬಾಡಿಯ ಬಣ್ಣ ಒಂದಿಷ್ಟು ಕೆರೆದು, ದಪ್ಪ ವೈರಿನ ಒಂದು ತುದಿ ಅಲ್ಲಿ, ಇನ್ನೊಂದು ಇಂಜಿನ್ನಿಗೆ ಒತ್ತಿ ಹಿಡಿದ. “ಈಗ ಎಳೀರಿ.”

ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಕ್ಕಿದ್ದ ಡ್ರೈವರುಗಳು ಬಾನೆಟ್ಟಿನೊಳಗೆ ಇಣುಕಿದರು.

“ಆತಲ್ಲ, ಬಿಗಿ. ಹೊತ್ತಾತು ನಡಿ,” ಎಂದರು ಸಾಹುಕಾರರು, ಏನೂ ಆಗೇ ಇಲ್ಲದವರಂತೆ ಇಂಜಿನ್ ಬಂದ್ ಮಾಡಿ.

“ಕಳ್ಳ ಅಂದದ್ದು?”

“ಏನೋ ಸಿಟ್ನಾಗ ಒಂದು ಮಾತು ಬಂತಪಾ.”

“ಚಾದಂಗಡಿ ಮಟ ಕೇಳಂಗ ಬಂತು. ಈಗ್ಲೂ ಅಲ್ಲೀಮಟ ಕೇಳಂಗ ಬರ್ಲಿ.”

“ಡ್ರೈವರ್ ಮುಂದ ಕೈ ಮುಗೀಲೇನಲೇ?”

ಹುಲುಗಪ್ಪ ವೈರು ಕಿತ್ತ. ಬೋಲ್ಟನ್ನು ಟಕ್ಕೆಂದು ಮಡ್‌ಗಾರ್ಡಿನ ಮೇಲಿಟ್ಟ. “ಗಾಡಿ ಹೆಂಗಿತ್ತೋ ಹಂಗ ಐತಿ. ನಿಮ್ಮ ಬೆಳ್ಳಿ ಗಾಡಿ ನೀವ ಓಡಿಸ್ಕೊಳ್ರಿ,” ಎಂದು ಹೊರಟೇಬಿಟ್ಟ.

ಬೆನಕಪ್ಪ ಬೋಲ್ಟನ್ನು ಅದೇ ಬಣ್ಣದ ಮೇಲೆ ಬಿಗಿದ. ಸಾಹುಕಾರರು ಎಳೆದರು. ಗಾಡಿ ನರಳಿತು. ಗಿಡ್ಡಮ್ಮ ಕಿಸಕ್ಕೆಂದಳು.

“ಹೇಳಿ ಸಾಯೋ ಮರುಳಾ!” ದಾಕ್ಷಾಯಣಮ್ಮ ಹಿಂದಿನಿಂದ ಮಗನ ಹೆಗಲಿಗೆ ಗುದ್ದಿದರು.

ಸಾಹುಕಾರರು ಕಿಟಕಿಯಿಂದ ತಲೆ ಹೊರಹಾಕಿ ಗಂಟಲು ಹರಿಯುವಂತೆ ಚೀರಿದರು: “ಹುಲುಗಪ್ಪ ಕಳ್ಳ ಅಲ್ಲಾ! ಸಾಕೇನಲೇ?”

ಹುಲುಗಪ್ಪ ನಿಂತ. ಗಿಡ್ಡಮ್ಮನ ಕಡೆ ನೋಡಿದ. “ಕೇಳಿಸ್ತೇನಬೇ?”

“ಕೊಟ್ಟೂರಿಗೆಲ್ಲಾ ಕೇಳಿಸ್ತಪಾ!”

ತಿರುಗಿ ಬಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಡಿಕ್ಕಿಯಿಂದ ಉಪ್ಪುಕಾಗದ ತೆಗೆದು ಸಾಹುಕಾರರ ಸುಟ್ಟ ಕೈಗೆ ಕೊಟ್ಟ.

“ಇಳೀರಿ ಸಾವ್ಕಾರ್ರ. ಕಬ್ಬಿಣ ಕಾಣೋ ಮಟ ತಿಕ್ರಿ. ಆಮ್ಯಾಲೆ ನಾ ಬಿಗೀತೀನಿ.”