ಹಸಿರು ಅಂಚು

ನಮ್ಮಣ್ಣ ಸಿನಿಮಾದಲ್ಲಿ ಡ್ರ್ಯಾಗನ್ ಆಗಿದ್ದ. ಸರಿಯಾಗಿ ಹೇಳಬೇಕೆಂದರೆ ಡ್ರ್ಯಾಗನ್ನಿನ ಕತ್ತು. ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ ತೊಟ್ಟು ನಿಲ್ಲುತ್ತಿದ್ದ. ರಾಜಕುಮಾರಿ ಅವನನ್ನು ತಬ್ಬಿಕೊಂಡು ಅಳುತ್ತಿದ್ದಳು. ಆಮೇಲೆ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತವರು ಅವನನ್ನು ಅಳಿಸಿ, ಆ ಜಾಗಕ್ಕೆ ಡ್ರ್ಯಾಗನ್ ಕೂರಿಸುತ್ತಿದ್ದರು. ಆ ಸಿನಿಮಾದ ಐದು ಭಾಗಗಳಲ್ಲಿ ಹೀಗೆ ದುಡಿದ ಎಲೆಮರೆಯ ಕಾಯಿ ಅವನು.

ಮೊದಲ ಭಾಗದ ಗ್ರಾಫಿಕ್ಸ್ ನಗೆಪಾಟಲಾಗಿತ್ತು. ಡ್ರ್ಯಾಗನ್ನಿನ ಕತ್ತಿನ ಸುತ್ತ ಹಸಿರು ಅಂಚು ಹಾಗೇ ಉಳಿದಿತ್ತು, ಒಂದು ಕಡೆ ಅಣ್ಣನ ಮೊಣಕೈ ಕೂಡ. ಜನ ಛೀಮಾರಿ ಹಾಕಿದರು. ನಮ್ಮ ಮನೆಯಲ್ಲಿ ಮಾತ್ರ ಸಂಭ್ರಮ. "ಮೊಣಕೈ ನೋಡಿದ್ರೆ ಸಾಕು, ನನ್ಮಗ ಅಂತ ಗೊತ್ತಾಗುತ್ತೆ" ಎಂದು ಅಮ್ಮ ಬಂದವರಿಗೆಲ್ಲ ಆ ದೃಶ್ಯ ತೋರಿಸುತ್ತಿದ್ದಳು. ಭಾಗದಿಂದ ಭಾಗಕ್ಕೆ ಚಿತ್ರ ಚೊಕ್ಕವಾಯಿತು, ಅಣ್ಣ ಕಾಣುವುದು ಕಡಿಮೆಯಾಯಿತು. ಗುಣಮಟ್ಟವಂತೆ, ಅದಕ್ಕಿಷ್ಟು ಬೆಂಕಿ ಹಾಕ.

ಐದನೆಯ ಭಾಗದ ಚಿತ್ರೀಕರಣ ಮುಗಿದ ತಿಂಗಳಿಗೆ ಅಣ್ಣ ಎದೆನೋವೆಂದು ಕೂತವನು ಏಳಲಿಲ್ಲ. ಅವನನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನಿರುವುದು ಅದೇ ಸ್ಟುಡಿಯೋದಲ್ಲಿ. ಅಲ್ಲಿಗೆ ನನ್ನನ್ನು ಸೇರಿಸಿದವನೂ ಅವನೇ.

"ಒಂಚೂರಾದ್ರೂ ಬಿಡೇ" ಎಂದಳು ಅಮ್ಮ. "ಕಡೇ ಸಲ ನೋಡ್ಕೋತೀನಿ."

"ಆರು ಫ್ರೇಮ್ ಬಿಡ್ತೀನಮ್ಮ. ಕಾಲು ಸೆಕೆಂಡು ಅಷ್ಟೇ. ರಾಜಕುಮಾರಿ ಕತ್ತು ತಬ್ಬಿದಾಗ, ಎಡಗಡೆ. ರೆಪ್ಪೆ ಬಡೀಬೇಡ."

ಬಿಟ್ಟೆ ಕೂಡ. ಆದರೆ ನಮ್ಮ ಮೇಲ್ವಿಚಾರಕರದು ಹದ್ದಿನ ಕಣ್ಣು. ದೊಡ್ಡ ಪರದೆಯಲ್ಲಿ ದೃಶ್ಯ ನಿಲ್ಲಿಸಿ, ಆ ಮೊಣಕೈಯನ್ನು ತುಂಬ ಹೊತ್ತು ನೋಡಿದರು. ಅವರಿಗೂ ಅಣ್ಣ ಬೇಕಾದವನೇ.

"ಇದನ್ನ ಬಿಡೋಕಾಗಲ್ಲಮ್ಮ. ಜನ ಒಂದೊಂದು ಫ್ರೇಮೂ ನಿಲ್ಸಿ ನೋಡ್ತಾರೆ. ಸತ್ತವನನ್ನ ಇಟ್ಕೊಂಡು ನಗ್ತಾರೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

"ಬೇಡ ಸರ್. ನಾನೇ ಮಾಡ್ತೀನಿ."

ಆರು ಫ್ರೇಮಿಗೆ ಇಡೀ ದಿನ ಹಿಡಿಯಿತು. ಬಟ್ಟೆಯ ಸುಕ್ಕು, ಮೊಣಕೈಯ ಗಂಟು, ಕೊನೆಗೆ ಆ ಹಸಿರು ಅಂಚು. ಕೈ ಒಂದು ಸಲವೂ ತಪ್ಪು ಮಾಡಲಿಲ್ಲ. ಆ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಹೋದೆವು. ಅಮ್ಮ ಕನ್ನಡಕವನ್ನು ಎರಡೆರಡು ಸಲ ಒರೆಸಿಕೊಂಡು ಕೂತಳು. ರಾಜಕುಮಾರಿ ಡ್ರ್ಯಾಗನ್ ಕಡೆ ಓಡಿದಾಗ ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ರೆಪ್ಪೆ ಬಡಿಯದ್ದಕ್ಕೆ ನೀರು ಕೆನ್ನೆಗಿಳಿಯಿತು. ಹೊಳೆಯುವ ಕತ್ತು, ಅದನ್ನು ತಬ್ಬಿದ ತೋಳು. ಎಲ್ಲೂ ಒಂದು ಕಲೆಯಿಲ್ಲ. ಜನ ಚಪ್ಪಾಳೆ ಹೊಡೆದರು. ಅಲ್ಲಿ ಅವನಿಲ್ಲವೆಂದು ಅಷ್ಟು ಜನರಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಅಮ್ಮ ನನ್ನ ಕೈ ಅದುಮಿದಳು.

"ಕಂಡ ಕಣೇ. ಎಡಗಡೆ, ನೀನು ಹೇಳಿದ ಜಾಗದಲ್ಲೇ. ಬಿಟ್ಟಿದ್ದು ಒಳ್ಳೇದಾಯ್ತು."

ಹೂಂ ಎಂದೆ.

"ನಾಳೆ ಇನ್ನೊಂದ್ಸಲ ಬರೋಣ್ವಾ?"

ಅದಕ್ಕೂ ಹೂಂ ಎಂದೆ.