ನಾಲ್ಕನೆಯ ಬದುವಿನವರು

ಜಾಲಿಮುಳ್ಳಿನ ಕಂಟಿ ಅಲ್ಲೇ ಇತ್ತು. ಎಳ್ಳ ಅಮಾವಾಸ್ಯೆಯ ದಿನವಾದರೂ ಚನಮಲ್ಲಪ್ಪನ ಮನಸ್ಸು ಕರಗೀತು, ಬಂಡಿದಾರಿಗೆ ಅಡ್ಡ ಎಳೆದ ಮುಳ್ಳನ್ನು ಸರಿಸಿಯಾನು ಎಂದು ಹಾಲವ್ವ ಒಳಗೊಳಗೇ ನಂಬಿದ್ದಳು. ನಂಬಿದ್ದಕ್ಕೆ ಈಗ ತನ್ನ ಮೇಲೇ ಸಿಟ್ಟು ಬಂತು. ತಲೆಯ ಮೇಲಿನ ರೊಟ್ಟಿಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಿರಿಗೆ ಎತ್ತಿಕೊಂಡು ಹಿನ್ನೀರಿನ ದಂಡೆಯ ಕೆಸರುದಾರಿಗೆ ಇಳಿದಳು. ಹಿಂದೆ ಸೊಸೆ ದಾನೇಶ್ವರಿ ಪಲ್ಯದ ಗಡಿಗೆಗಳನ್ನೂ ಮಗ ಸಂಜಯ ನೀರಿನ ಕೊಡವನ್ನೂ ಹೊತ್ತು ಬಂದರು.

"ಯವ್ವಾ, ನಾಳೆ ಗ್ಯಾಂಗ್ ಬರ್ತದ. ಟ್ರ್ಯಾಕ್ಟರ್ ಏನು ಈ ಕೆಸರಾಗ ಈಸಿಕೊಂಡು ಬರಬೇಕೇನು?" ಎಂದ ಸಂಜಯ.

"ಹಬ್ಬದ ದಿನ ಬಾಯಿ ಮುಚಗೊಂಡು ನಡಿ."

ಬಾಯಿ ಮುಚ್ಚಿಸಿದಳೇ ಹೊರತು ಅವಳ ಎದೆಯಲ್ಲೂ ಅದೇ ಮಾತು ಕುದಿಯುತ್ತಿತ್ತು. ಕಬ್ಬು ಕಡಿಯುವ ಗ್ಯಾಂಗಿನ ಪಾಳಿ ನಾಳೆಗೆ ಬಂದಿತ್ತು. ಟ್ರ್ಯಾಕ್ಟರ್ ಹೊಲಕ್ಕೆ ಬರಲಾಗದಿದ್ದರೆ ಅವರು ಮುಂದಿನ ಹೊಲಕ್ಕೆ ಹೋಗುತ್ತಾರೆ. ಮತ್ತೆ ಪಾಳಿ ಬರುವುದು ಯುಗಾದಿಯ ಬಿಸಿಲಿಗೆ, ಅಷ್ಟರಲ್ಲಿ ಮೂರೆಕರೆ ಕಬ್ಬು ಒಣಗಿ ಬೆಂಡಾಗಿರುತ್ತದೆ. ವರ್ಷದ ಬದುಕೇ ಅದು.

ಈ ಹೊಲಕ್ಕೆ ಮೊದಲು ಯಾರ ಹಂಗೂ ಇರಲಿಲ್ಲ. ಊರಿಗೆ ನೇರ ದಾರಿಯಿತ್ತು, ಮೂರು ಬದುವಿನಾಚೆ ಮೂರು ಮನೆತನದವರ ಹೊಲಗಳಿದ್ದವು. ಆಲಮಟ್ಟಿಯ ಹಿನ್ನೀರು ಏರಿದ ವರ್ಷ ಆ ಮೂರೂ ಹೊಲ ಮುಳುಗಿದವು, ಅವುಗಳ ಜೊತೆ ದಾರಿಯೂ ಮುಳುಗಿತು. ತಮ್ಮದು ಉಳಿಯಿತೆಂದು ಹಿಗ್ಗಿದವರಿಗೆ ದಾರಿಯಿಲ್ಲವೆಂದು ಹೊಳೆದದ್ದು ಸುಗ್ಗಿ ಬಂದಾಗ. ಉಳಿದ ನಾಲ್ಕನೆಯ ಕಡೆ ಚನಮಲ್ಲಪ್ಪನ ನಲವತ್ತೆಕರೆ. ಅವನೇನು ಕೆಟ್ಟವನಲ್ಲ. "ನನ್ನ ಹೊಲದಾಗ ಹಾಯ್ದು ಹೋಗು ತಂಗಿ" ಎಂದು ತಾನಾಗಿಯೇ ಹೇಳಿದ್ದ. ಹೇಳಿದ್ದನ್ನು ಹದಿನೈದು ವರ್ಷ ಬಿಡದೆ ನೆನಪಿಸಿದ, ಅದೊಂದೇ ಅವನ ಚಟ. ಅವನ ಹೊಲದ ಬಸಿನೀರೆಲ್ಲ ಹಾಲವ್ವನ ಹೊಲದ ಕಾಲುವೆಯಲ್ಲೇ ಹರಿದು ಹಿನ್ನೀರು ಸೇರುತ್ತಿತ್ತು. ಅದನ್ನು ಅವಳು ಒಂದು ಸಲವೂ ನೆನಪಿಸಿರಲಿಲ್ಲ.

ಬೇಸಿಗೆಯ ಪಂಚಾಯಿತಿ ಚುನಾವಣೆಗೆ ದಾನೇಶ್ವರಿಯನ್ನು ನಿಲ್ಲಿಸಿದವನೂ ಚನಮಲ್ಲಪ್ಪನೇ. ಹುಡುಗಿ ಕಲಿತವಳು, ಹೇಳಿದಂತೆ ಕೇಳುತ್ತಾಳೆ ಎಂದುಕೊಂಡಿದ್ದ. ಕಲಿತವಳು ಎಂಬುದು ನಿಜವಾಯಿತು, ಎರಡನೆಯದು ಆಗಲಿಲ್ಲ. ಕುಡಿಯುವ ನೀರಿನ ಬೋರು ಅವನ ಓಣಿಗೋ, ಮುಳುಗಿದ ಮನೆಗಳವರು ಹೊಸದಾಗಿ ನೆಲೆಸಿದ ಪ್ಲಾಟಿಗೋ ಎಂಬ ಮಾತು ಬಂದಾಗ ಅವಳು ಪ್ಲಾಟಿನ ಪರ ಕೈ ಎತ್ತಿದಳು. ಮಾರನೆಯ ದಿನವೇ ದಾರಿಗೆ ಮುಳ್ಳು ಬಿತ್ತು. ಚನಮಲ್ಲಪ್ಪನ ಆಳು ಜಕ್ಕಪ್ಪ ಬಂದು, "ನೀವು ಮನಿಗೆ ಬಂದು ಒಂದ ಮಾತು ಕೇಳಬೇಕಂತರಿ. ಇನ್ನ ಮುಂದ ಸೊಸಿ ನಮ್ಮ ಧಣ್ಯಾರು ಹೇಳಿದ ಕಡೆ ಕೈ ಎತ್ತಬೇಕಂತ. ಆಗಿಂದಾಗ ಮುಳ್ಳು ತೆಗಸ್ತಾರಂತ" ಎಂದು ನೆಲ ನೋಡುತ್ತ ಹೇಳಿ ಹೋದ. ಹಾಲವ್ವ ಹೋಗಿರಲಿಲ್ಲ.

ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದರು. ಪಾಂಡವರ ಪೂಜೆಗೆ ಕುಂಕುಮ, ಚೆಂಡುಹೂವು ಏರಿದವು. ದಾನೇಶ್ವರಿ ಶೇಂಗಾಹಿಂಡಿ ಕಟ್ಟಿ ತಂದಿದ್ದ ಪೇಪರ್ ಬಿಚ್ಚಿದವಳು ಅದನ್ನೇ ಓದುತ್ತ ಕೂತಳು. ಅಕ್ಷರ ಕಂಡಲ್ಲಿ ಅವಳ ಕೈ ನಿಲ್ಲುತ್ತಿತ್ತು.

"ಅದರಾಗೇನೈತಿ? ಹಿಂಡಿ ತಗದಿಡು."

"ನೇಪಾಳದ ಸುದ್ದಿರಿ ಅತ್ತಿ. ಗಡಿಯೊಳಗ ಲಾರಿ ನಿಂತು ತಿಂಗಳಗಟ್ಟಲೆ ಆತಂತ. ಗ್ಯಾಸಿಲ್ಲ, ಪೆಟ್ರೋಲಿಲ್ಲ. ಪ್ಯಾಟ್ಯಾಗಿನ ಮಂದೀನೂ ಕಟಗಿ ಒಲಿ ಹೂಡ್ಯಾರಂತ."

"ಬ್ಯಾರೆ ದಾರಿ ಇಲ್ಲೇನು ಅವರಿಗೆ?"

"ಮೂರು ಕಡೆ ನಮ್ಮ ದೇಶರಿ. ಒಂದು ಕಡೆ ದೊಡ್ಡ ಗುಡ್ಡ."

ಹಾಲವ್ವ ಹಿನ್ನೀರಿನ ಕಡೆ ನೋಡಿದಳು, ಚನಮಲ್ಲಪ್ಪನ ಹೊಲದ ಕಡೆ ನೋಡಿದಳು. "ಹಂಗಾದ್ರ ಅದು ನಮ್ಮ ಹೊಲಾನ ಆತಲ್ಲ!" ಎಂದಳು. ಪೇಪರಿನ ಕಡೆ ಬಗ್ಗಿ, "ಅಂದ್ರ ಅಲ್ಲಿ ಚನಮಲ್ಲಪ್ಪ ನಾವಽ ಏನು?"

ದಾನೇಶ್ವರಿ ನಕ್ಕುಬಿಟ್ಟಳು. "ದಿಲ್ಲಿಯವರು ನಾವೇನು ಬಂದ್ ಮಾಡಿಲ್ಲ ಅಂತಾರರಿ. ನೇಪಾಳದವರು, ನಮ್ಮ ರಾಜ್ಯ ನಮಗ ಹೆಂಗ ಬೇಕೋ ಹಂಗ ಅಂತಾರ."

"ಖರೆ ಐತಿ. ಆದ್ರ ಒಲಿ ಉರೀಬೇಕಲ್ಲ ಯವ್ವಾ. ಬಾಗಬಾರದು, ಬಡದಾಡಲೂಬಾರದು. ಭಾಳ ಕಠಿಣ ಐತಿ ಅವರ ಬಾಳೇವು." ಕಾಣದ ದೇಶದ ಯಾವಳೋ ಹೆಂಗಸು ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದು ಹಾಲವ್ವನಿಗೆ ಕಂಡಂತಾಯಿತು.

ಆಗಲೇ ಅವಳಿಗೆ ಏನೋ ಕಡಿಮೆ ಅನ್ನಿಸಿದ್ದು. ಬನ್ನಿಗಿಡದ ಹಿಂದೆ ಸದಾ ಜುಳುಜುಳು ಎನ್ನುವ ಬಸಿಗಾಲುವೆ ಸುಮ್ಮನಿತ್ತು. ಎದ್ದು ಹೋಗಿ ನೋಡಿದಳು. ಚನಮಲ್ಲಪ್ಪನ ಬದು ದಾಟಿ ನೀರು ಒಳಬರುವ ಬಾಯಿಗೇ ಮಣ್ಣು ತುಂಬಿದ ಎರಡು ಚೀಲ ಒತ್ತಿ ಕೂತಿದ್ದವು. ಆಚೆ ಅವನ ಹೊಲದ ಮೂಲೆಯಲ್ಲಿ ನೀರು ಮಡುಗಟ್ಟಿ, ಆಗತಾನೇ ನಾಟಿದ ಕಬ್ಬಿನ ಮೊಳಕೆಗಳು ಮುಳುಗಿದ್ದವು.

"ಏ ಸಂಜ್ಯಾ! ಏನಿದು?"

"ಮೊನ್ನೆ ಇಟ್ಟೀನಿ. ಇನ್ನೊಂದು ತಿಂಗಳು ನಿಂದ್ರಲಿ, ಅವನ ಹೊಲ ಸವಳಾಗಿ ಹುಲ್ಲೂ ಹುಟ್ಟಂಗಿಲ್ಲ. ದಾರಿ ಅವನ ಕೈಯಾಗಿದ್ರ ನೀರು ನಮ್ಮ ಕೈಯಾಗೈತಿ."

"ಸವಳಾದ ನೆಲ ಇವತ್ತು ಅವನ ಮೂಲ್ಯಾಗ, ನಾಳೆ ನಮ್ಮ ಬದುವಿನ್ಯಾಗ. ಭೂಮಿಗೆ ನಿಮ್ಮ ಜಗಳ ತಿಳೀತದೇನು?" ಎನ್ನುತ್ತ ಹಾಲವ್ವ ಹಬ್ಬದ ಸೀರೆಯಲ್ಲೇ ಕಾಲುವೆಗಿಳಿದಳು. ಮೊಣಕಾಲವರೆಗೂ ಕೆಸರು. ಮೇಲಿನ ಚೀಲವನ್ನು ಎರಡೂ ಕೈಯಿಂದ ಎಳೆದಳು. ಅದು ಒಮ್ಮೆಲೇ ಕಿತ್ತು ಬಂದು ಅವಳನ್ನೂ ಹಿಂದಕ್ಕೆ ಕೂರಿಸಿತು. ನೀರು ಸಣ್ಣಗೆ ದಾರಿ ಹಿಡಿಯಿತು.

ಸಂಜಯ ಕೆಳಗಿನ ಚೀಲಕ್ಕೆ ಕೈಹಾಕಿದ. ಹಾಲವ್ವ ಅವನ ಕೈ ಹಿಡಿದಳು.

"ಅದಿರಲಿ."

ತಲೆಯೆತ್ತಿದಾಗ ಮೇಲಿನ ಬದುವಿನ ಮೇಲೆ ಚನಮಲ್ಲಪ್ಪ ನಿಂತಿದ್ದ. ಎಪ್ಪತ್ತರ ಮುದುಕ, ಬಿಳಿ ಧೋತರ, ಹೆಗಲ ಮೇಲೆ ಟವೆಲ್. ಮೂಲೆಯಲ್ಲಿ ನಿಂತ ನೀರು ನೋಡಲು ಬಂದವನಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಿರುಗಿ, ತನ್ನ ಮನೆಯವರು ಊಟಕ್ಕೆ ಕೂತಿದ್ದ ಬೇವಿನಮರದ ಕಡೆ ಹೋದ.

ಕೈಕಾಲು ತೊಳೆದು ಭೂಮಿತಾಯಿಗೆ ಉಣಿಸುವ ಚರಗ ಚೆಲ್ಲಲು ಹೊರಟರು. ಸಂಜಯ ಮುಂದೆ ನೀರು ಚಿಮುಕಿಸುತ್ತ, ದಾನೇಶ್ವರಿ ಹಿಂದಿನಿಂದ ಕಡುಬು, ಸಜ್ಜಿರೊಟ್ಟಿ, ಪುಂಡಿಪಲ್ಯದ ತುತ್ತು ಬೀರುತ್ತ, "ಹುಲ್ಲುಲ್ಲಿಗೋ… ಚಲಾಂಬರಿಗೋ…" ಎಂದು ಬದು ಸುತ್ತಿದರು. ಭೂಮಿ ಉಂಡ ಮೇಲೆ ಬದುವಿನವರನ್ನು ಕರೆಯಬೇಕು. ಕರೆಯದೆ ಉಂಡರೆ ಉಂಡದ್ದು ಮೈಗೆ ಹತ್ತುವುದಿಲ್ಲವೆಂದು ಹಾಲವ್ವನ ಅತ್ತೆ ಹೇಳುತ್ತಿದ್ದಳು.

ಹಾಲವ್ವ ಹಿನ್ನೀರಿನ ಅಂಚಿಗೆ ಹೋಗಿ, ಮುಳುಗಿದ ಮೂರು ಹೊಲಗಳ ಕಡೆ ಮುಖಮಾಡಿ ನಿಂತಳು. ಕಣ್ಣು ಹಾಯುವವರೆಗೂ ನೀರೇ ಇತ್ತು.

"ಹೊಳಬಸಪ್ಪಣ್ಣಾ… ಊಟಕ್ಕ ಬರ್ರೀ…"

"ನಾಮದೇವಣ್ಣಾ… ಬರ್ರೀ…"

"ಸಾತವ್ವಾ… ಬಾರವ್ವಾ…"

ಹೊಳಬಸಪ್ಪ ಸತ್ತು ನಾಲ್ಕು ವರ್ಷವಾಗಿತ್ತು. ನಾಮದೇವನ ಮಕ್ಕಳು ಬನಹಟ್ಟಿಯ ಮಗ್ಗಗಳಿಗೆ ಸೇರಿದ್ದರು. ಸಾತವ್ವ ಪ್ಲಾಟಿನಲ್ಲಿ ಮಗಳ ಮನೆಯಲ್ಲಿದ್ದಳು. ಪ್ರತಿ ವರ್ಷ ಹಾಲವ್ವ ಅವರನ್ನು ಹೀಗೆಯೇ ಕರೆಯುತ್ತಿದ್ದಳು. ಆಮೇಲೆ ನಾಲ್ಕನೆಯ ಬದುವಿನ ಕಡೆ ತಿರುಗಿದಳು.

"ಅವ್ವಾ, ಅವನನ್ನೂ ಕರೀತಿ?" ಸಂಜಯ ಹಲ್ಲು ಕಚ್ಚಿದ.

"ದಾರಿ ಕೇಳಾಕ ಅವನ ಮನಿಗೆ ಹೋಗಂಗಿಲ್ಲ ನಾನು. ಊಟಕ್ಕ ಕರಿಯೂದು ಬ್ಯಾರೆ. ಉಳಿದಾವನು ಅವನೊಬ್ಬನ." ಅವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು. "ಚನಮಲ್ಲಪ್ಪಣ್ಣಾರ… ಊಟಕ್ಕ ಬರ್ರೀ…"

ಬೇವಿನಮರದ ಕೆಳಗೆ ಯಾರೂ ಅಲ್ಲಾಡಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು. ಎಳ್ಳ ಅಮಾವಾಸ್ಯೆಯ ಕರೆಗೆ ಒಲ್ಲೆ ಎಂದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹಾಗೆ ಅನ್ನುವ ಮೊದಲಿಗನಾಗಲು ಚನಮಲ್ಲಪ್ಪನಿಗೂ ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಎದ್ದ. ಬಂಡಿದಾರಿ ಹಿಡಿದು ಬಂದ. ಬಂದವನು ತಾನೇ ಹಾಕಿಸಿದ ಕಂಟಿಯ ಎದುರು ನಿಂತ.

ಕೆಸರಿನ ಕಾಲುದಾರಿ ಅವನ ಮೊಣಕಾಲಿಗೆ ಆಗುವಂತಿರಲಿಲ್ಲ. ಒಂದು ಕಡೆಯಿಂದ ನುಸುಳಲು ನೋಡಿದ, ಮುಳ್ಳು ಧೋತರ ಹಿಡಿಯಿತು. ಬಿಡಿಸಿಕೊಂಡ, ಇನ್ನೊಂದು ಕಡೆ ಹಿಡಿಯಿತು. ದಾನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಲವ್ವ ಮಾತ್ರ ನಗಲಿಲ್ಲ.

"ಏ ಜಕ್ಯಾ! ನೋಡಕೋತ ನಿಂತೀಯೇನಲೇ? ಎಳಿ ಇದನ್ನ!"

ಜಕ್ಕಪ್ಪ ಎಳೆದ. ಇಷ್ಟು ದಿನ ಕಾದಿದ್ದವನಂತೆ, ಒಂದು ಆಳು ಹಾಯುವಷ್ಟಲ್ಲ, ಬಂಡಿ ಹಾಯುವಷ್ಟು ಎಳೆದ.

ಚನಮಲ್ಲಪ್ಪ ಬನ್ನಿಗಿಡದ ಕೆಳಗೆ ಕೂತು ಉಂಡ. ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡ. ಕಡುಬು ಬಡಿಸಲು ಬಂದ ದಾನೇಶ್ವರಿಯನ್ನು ಹುಬ್ಬಿನಡಿಯಿಂದ ನೋಡಿ, "ಪಂಚಾಯತಿಯೊಳಗ ನನ್ನ ಮಾತು ನಡಸಂಗಿಲ್ಲ ಅಂತೀಯಲ್ಲವಾ," ಎಂದ.

"ನೀವು ಹೇಳೂದನ್ನ ಕೇಳತೀನ್ರಿ ಮಾವಾರ. ಖರೆ ಕಂಡ್ರ ನಿಮ್ಮ ಕಡೇನೂ ಕೈ ಎತ್ತತೀನಿ. ಇನ್ನೊಂದು ಕಡುಬು ಹಾಕಲ್ರೀ?"

ಅವನು ಎಲೆಗೆ ಕೈ ಅಡ್ಡ ಹಿಡಿದ. ಮತ್ತೆ ತೆಗೆದ. ಕಡುಬು ಬಿತ್ತು. ಉಂಡು, ಕೈ ತೊಳೆದು, ಕಾಲುವೆಯ ಕಡೆ ಕಣ್ಣು ಹೊರಳಿಸಿದ.

"ನೀರು ಸಣ್ಣಗ ಹರೀತದಲ್ಲ ತಂಗಿ?"

"ಇದ್ದ ದಾರ್ಯಾಗ ಹರಿಯಾಕತ್ತೈತ್ರಿ ಅಣ್ಣಾರ."

ಅವನು ಅವಳ ಮುಖ ನೋಡಿದ. ಮೀಸೆಯಡಿ ಏನೋ ಅಲ್ಲಾಡಿತು. ನಗುವೋ ಸಿಟ್ಟೋ ತಿಳಿಯಲಿಲ್ಲ.

"ಗ್ಯಾಂಗ್ ಎಂದು?"

"ನಾಳೆ ಮುಂಜಾನೆ."

"ಹೂಂ."

ಅಷ್ಟೇ. ಅವನ ಹೆಂಡತಿಗೆಂದು ಹಾಲವ್ವ ಒಂದು ಡಬ್ಬಿ ತುಂಬ ಹೋಳಿಗೆ ಹಾಕಿ ಜಕ್ಕಪ್ಪನ ಕೈಗೆ ಕೊಟ್ಟಳು. ಹೋಗುವಾಗ ಜಕ್ಕಪ್ಪ ಮುಳ್ಳನ್ನು ಮತ್ತೆ ಅಡ್ಡ ಎಳೆಯಲು ಬಗ್ಗಿದ. ಚನಮಲ್ಲಪ್ಪ ತಿರುಗಿ ನೋಡದೆಯೇ ಗದರಿದ. "ಬಿಡಲೇ. ಡಬ್ಬಿ ತಿರುಗಿ ಕೊಡಾಕ ಬರೂದಿಲ್ಲೇನು ನೀ?"

ಮರುದಿನ ಬಿಸಿಲು ಏರುವ ಮೊದಲೇ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬಂಡಿದಾರಿಯಲ್ಲಿ ಕುಲುಕುತ್ತ ಬಂತು. ಡಬ್ಬಿಯೂ ಬಂತು, ಖಾಲಿ ಬರಲಿಲ್ಲ. ಒಳಗೆ ಹೊಸ ಬೆಲ್ಲದ ಗಟ್ಟಿಯಿತ್ತು. ಸಂಜೆಯ ಹೊತ್ತಿಗೆ ಮೊದಲ ಕಬ್ಬಿನ ಹೇರು ಚನಮಲ್ಲಪ್ಪನ ಹೊಲ ಹಾಯ್ದು, ರಸ್ತೆ ಹತ್ತಿ, ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆ ತಿರುಗಿತು. ಅದರ ಸದ್ದು ಅಡಗುವವರೆಗೂ ಹಾಲವ್ವ ನಿಂತು ಕೇಳಿದಳು.

ಆಮೇಲೆ ಕಾಲುವೆಗೆ ಹೋಗಿ ಕೆಳಗಿನ ಚೀಲವನ್ನೂ ಎಳೆದಳು. ನೀರು ಭರ್ರೆಂದು ನುಗ್ಗಿತು. ಮಣ್ಣನ್ನು ಬದುವಿಗೆ ಸುರಿದು, ಚೀಲವನ್ನು ಅದೇ ನೀರಿನಲ್ಲಿ ಎರಡು ಸಲ ಜಾಲಿಸಿ ಹಿಂಡಿದಳು. ದಾರಿಯ ಬದಿಯಲ್ಲಿ ಜಕ್ಕಪ್ಪ ಎಳೆದಿಟ್ಟ ಮುಳ್ಳಿನ ಕಂಟಿ ಹಾಗೆಯೇ ಬಿದ್ದಿತ್ತು. ಅದರ ಮೇಲೆ ಚೀಲವನ್ನು ಒಣಗಲು ಹರವಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಯನ್ನು ಮುಳ್ಳಿಗೆ ಸಿಕ್ಕಿಸಿ, ಮನೆಯ ಕಡೆ ನಡೆದಳು.